ಸಂಪಾಜೆ ಕಡೆ ಭೂಮಿ ಅದುರಿತು ಮಾರಾಯ್ರೆ, ನಿಮಗೆ ಮೊದಲ ಸಲ ಆದಾಗ ಎಂತ ಅನ್ಕೊಂಡ್ರಿ?

ತೋಟದಮನೆ · 28 ಜೂನ್ 2022, ಬೆಳಿಗ್ಗೆ

ನಮ್ಮ ಮನೆ ಸಂಪಾಜೆ ಹತ್ರ, ಕೊಡಗು ಮತ್ತೆ ದಕ್ಷಿಣ ಕನ್ನಡದ ಗಡಿಯಲ್ಲಿ. ಇವತ್ತು ಬೆಳಿಗ್ಗೆ ಏಳೂಮುಕ್ಕಾಲಕ್ಕೆ ಅಡಿಗೆ ಮನೇಲಿ ಮಣೆ ಮೇಲೆ ಕೂತು ದೋಸೆ ತಿಂತಾ ಇದ್ದೆ, ಹೊರಗೆ ಮಳೆ, ಒಮ್ಮೆಲೇ ಗುಡುಗಿದ ಹಾಗೆ ಒಂದು ಸದ್ದು. ಮೇಲಿಂದ ಅಲ್ಲ, ನೆಲದ ಅಡಿಯಿಂದ. ಅದೇ ವಿಚಿತ್ರ ಆದದ್ದು. ಗುಡುಗಿಗೆ ನಾವು ಹೆದರುವವರಲ್ಲ, ಏಪ್ರಿಲ್ ಮೇಯಲ್ಲಿ ತೆಂಗಿನಮರ ಸೀಳುವಂಥ ಸಿಡಿಲು ನೋಡಿ ಬೆಳೆದವರು, ಆದ್ರೆ ಇದು ಕಿವಿಗಿಂತ ಮೊದಲು ಕಾಲಿಗೆ ಕೇಳಿದ್ದು ಹೇಗೆ ಹೇಳೋದು ಗೊತ್ತಾಗ್ತಿಲ್ಲ. ಅದರ ಹಿಂದೆಯೇ ಶೆಲ್ಫಿನ ಸ್ಟೀಲ್ ಪಾತ್ರೆ ಎಲ್ಲ ಗಲಗಲ ಅಂದ್ವು, ಮಾಡಿನ ಹಂಚು ಕಟಕಟ ಅಂತು, ಕೂತ ಮಣೆಯನ್ನ ಯಾರೋ ಎಳೆದ ಹಾಗಾಯ್ತು. ಮೂರ್ನಾಲ್ಕು ಸೆಕೆಂಡ್ ಇರಬಹುದು ಅಷ್ಟೆ.

ಅಮ್ಮ ಹೊರಗೆ ಓಡಿದ್ರು. ಭೂಕಂಪ ಅಂತ ಅಲ್ಲ, ಮಾಡಿಗೆ ಮಂಗ ಹಾರಿದ್ದು ಅಂತ, ಕೋಲು ಹಿಡ್ಕೊಂಡು. ಅಪ್ಪ ಕೊಟ್ಟಿಗೇಲಿದ್ರು, ದನ ಹಗ್ಗ ಎಳ್ಕೊಂಡು ಕಣ್ಣು ದೊಡ್ಡ ಮಾಡಿ ನಿಂತಿತ್ತಂತೆ.

ಶನಿವಾರ ಒಂಬತ್ತು ಗಂಟೆ ಹೊತ್ತಿಗೂ ಹೀಗೇ ಆಗಿತ್ತು, ಅದು ಸಣ್ಣದು, ಎಲ್ಲೋ ಕಲ್ಲಿನ ಕೋರೆ ಅಂತ ಬಿಟ್ವಿ. ಇವತ್ತಿಂದು 3.0 ಅಂತ ನ್ಯೂಸಲ್ಲಿ ಬರ್ತಾ ಉಂಟು. ಕಿಟಕಿ ಮೂಲೆಯಿಂದ ಗೋಡೆಯಲ್ಲಿ ಒಂದು ಬಿರುಕು ಉಂಟು, ಅದು ಮೊದಲೇ ಇತ್ತಾ ಈಗ ಬಂದದ್ದಾ ಅಂತ ಮನೇಲಿ ಬೆಳಿಗ್ಗೆಯಿಂದ ಚರ್ಚೆ, ಅಪ್ಪ ಮೊದಲೇ ಇತ್ತು ಅಂತಾರೆ, ಅಮ್ಮ ಇಲ್ಲ ಅಂತಾರೆ. ನಿಮಗೆ ಯಾರಿಗಾದ್ರೂ ಇಂಥ ಅನುಭವ ಉಂಟಾ? ಆ ಹೊತ್ತಿಗೆ ಎಂತ ಅನ್ಕೊಂಡ್ರಿ?

ಕೆಂಗೇರಿ ಕಿಟ್ಟಿ · 28 ಜೂನ್ 2022

ಗುರು ನಾವಂತೂ ಆಗದೇ ಇರೋ ಭೂಕಂಪಕ್ಕೂ ಓಡಿರೋರು. 2020 ಮೇ 20, ಲಾಕ್‌ಡೌನ್ ಟೈಮು, ಮಧ್ಯಾಹ್ನ ಊಟದ ಹೊತ್ತಲ್ಲಿ ಢಂ ಅಂತ ಸೌಂಡು, ಕಿಟಕಿ ಗಾಜು ಗಡಗಡ, ಇಡೀ ಅಪಾರ್ಟ್‌ಮೆಂಟ್ ಮಾಸ್ಕ್ ಕೂಡ ಹಾಕ್ದೆ ಕೆಳಗೆ. ಎರಡು ತಿಂಗಳಿಂದ ಮುಖ ನೋಡ್ದೇ ಇದ್ದ ಪಕ್ಕದ್ಮನೆಯವ್ರನ್ನೆಲ್ಲ ಅವತ್ತೇ ನೋಡಿದ್ದು. ಸಂಜೆ ಹೊತ್ತಿಗೆ ರಕ್ಷಣಾ ಇಲಾಖೆಯವ್ರೇ ಹೇಳಿದ್ರು, ವಾಯುಪಡೆ ವಿಮಾನದ ಟೆಸ್ಟ್ ಫ್ಲೈಟು, ಶಬ್ದದ ವೇಗ ದಾಟಿ ವಾಪಸ್ ಕಮ್ಮಿ ಮಾಡೋವಾಗ ಬಂದ ಸದ್ದು ಅಂತ. ಆಮೇಲೆ ಕಳೆದ ವರ್ಷ ನವೆಂಬರ್‌ನಲ್ಲೂ ಕೆಂಗೇರಿ, ಆರ್‌ಆರ್ ನಗರದ ಕಡೆ ಒಂದು ಢಂ ಆಯ್ತು, ಭೂಕಂಪ ಮಾಪಕದಲ್ಲಿ ಏನೂ ದಾಖಲಾಗಿಲ್ಲ ಅಂದ್ರು. ಹಂಗಾಗಿ ನಮ್ಗೆ ಢಂ ಅಂದ್ರೆ ಮೊದಲು ಆಕಾಶ ನೋಡೋ ಅಭ್ಯಾಸ.

ಹೇಮಾವತಿ ದಂಡೆ · 28 ಜೂನ್ 2022

ನಮ್ಮ ಹೊಳೇನರಸೀಪುರ ತಾಲ್ಲೂಕಲ್ಲೂ ಆಯ್ತಲ್ಲ ಮೊನ್ನೆ ಗುರುವಾರ 23ಕ್ಕೆ, ಬೆಳಗಿನ್ ಜಾವ ನಾಲ್ಕೂವರೆ ಆಗಿತ್ತು, 3.4 ಅಂತೆ. ಮಂಚ ಅದುರಿದ್ದಕ್ಕೆ ನಮ್ಮನೆಯವ್ರು ನನಗೇ ಬೈದ್ರು, ಹೊರಳಾಡ್ಬೇಡ ಅಂತ. ಹೊರಳಾಡಿದ್ದು ನಾನಲ್ಲ ಕಣ್ರೀ ಅಂದೆ. ಮತ್ತೆ ಮಲಗಿಬಿಟ್ರು. ಸೋಮವಾರಪೇಟೆಲಿರೋ ನಾದಿನಿ ಫೋನ್ ಮಾಡಿ "ಅತ್ತಿಗೆ ನಿಮ್ಗೂ ಆಯ್ತಾ" ಅಂದ್ಮೇಲೇ ಎದ್ದು ಕೂತಿದ್ದು.

ಕಲ್ಲುಬಂಡೆ · 28 ಜೂನ್ 2022

ಜಿಯಾಲಜಿ ಎಂಎಸ್ಸಿ ಮಾಡಿ ಈಗ ಬೋರ್‌ವೆಲ್ ಪಾಯಿಂಟ್ ತೋರಿಸ್ಕೊಂಡು ಓಡಾಡ್ತಿರೋ ಬಡಪಾಯಿ ನಾನು, ಗೊತ್ತಿರೋದು ಹೇಳ್ತೀನಿ.

ತೋಟದಮನೆಯವ್ರು ಹೇಳಿದ ಸದ್ದು ಭ್ರಮೆ ಅಲ್ಲ. ಭೂಕಂಪದಲ್ಲಿ ಎರಡು ಥರದ ಅಲೆ ಹೊರಡುತ್ತೆ. ಮೊದಲನೇದು ಪಿ ಅಲೆ, ಶಬ್ದ ಗಾಳೀಲಿ ಹೋಗೋ ಹಂಗೇ ಬಂಡೆ ಒಳಗೆ ಒತ್ತಿ ಒತ್ತಿ ಹೋಗೋದು, ಸೆಕೆಂಡಿಗೆ ಹತ್ರಹತ್ರ ಆರು ಕಿಲೋಮೀಟರ್. ಎರಡನೇದು ಎಸ್ ಅಲೆ, ಸೆಕೆಂಡಿಗೆ ಮೂರೂವರೆ, ನಿಜವಾಗಿ ಅಲ್ಲಾಡಿಸೋದು ಇದೇ. ನೀವು ಕೇಂದ್ರದಿಂದ ಹದಿನೈದು ಕಿಲೋಮೀಟರ್ ಇದ್ರೆ ಎರಡರ ನಡುವೆ ಎರಡು ಸೆಕೆಂಡೂ ಸಿಗಲ್ಲ. ಆ ಮೊದಲನೇ ಅಲೆ ನೆಲದಿಂದ ಗಾಳಿಗೆ ದಾಟಿದಾಗ ದಪ್ಪ ಗುಡುಗಿನ ಥರ ಕೇಳುತ್ತೆ. ನಮ್ಮ ದಕ್ಷಿಣದ ಬಂಡೆ ಹಳೇದು, ಗಟ್ಟಿ, ತಣ್ಣಗಿರೋದು, ಸದ್ದನ್ನ ನುಂಗಲ್ಲ. ಒಡೆದ ಮಡಕೆ ತಟ್ಟಿ ನೋಡಿ, ಗಟ್ಟಿ ಮಡಕೆ ತಟ್ಟಿ ನೋಡಿ, ಅಷ್ಟೇ ವ್ಯತ್ಯಾಸ. ದನಕ್ಕೆ ಮೊದಲು ಗೊತ್ತಾಗಿದ್ದೂ ಅದೇ ಅಲೆ ಇರ್ಬೇಕು, ಭವಿಷ್ಯ ಏನಲ್ಲ.

ಇಲ್ಲಿ ಯಾಕೆ ಅಂದ್ರೆ, ಇಡೀ ಭಾರತ ಕೂತಿರೋ ಬಂಡೆಯ ತಟ್ಟೆ (ಪ್ಲೇಟ್ ಅಂತಾರೆ) ವರ್ಷಕ್ಕೆ ಸುಮಾರು ಐದು ಸೆಂಟಿಮೀಟರ್ ಉತ್ತರಕ್ಕೆ ಜರುಗ್ತಾ ಹಿಮಾಲಯದ ಹತ್ರ ಡಿಕ್ಕಿ ಹೊಡೀತಾ ಇದೆ. ಒತ್ತಡ ಅಲ್ಲಷ್ಟೇ ಇರಲ್ಲ, ಹಿಂದಿನ ಹಳೇ ಬಿರುಕುಗಳಿಗೂ ಬರುತ್ತೆ. ಬಸ್ ಬ್ರೇಕ್ ಹಾಕಿದ್ರೆ ಕೊನೇ ಸೀಟಿನವರ ತಲೆನೂ ಮುಂದಿನ ಸೀಟಿಗೆ ತಾಗತ್ತಲ್ಲ ಹಂಗೆ.

ನೇರನುಡಿ · 28 ಜೂನ್ 2022

ಬಂಡೆ ಮಡಕೆ ಎಲ್ಲ ಸರಿ ಸ್ವಾಮಿ, ಕೋರೆ ಸ್ಫೋಟ ಯಾಕಾಗಿರಬಾರದು? ಡ್ಯಾಮ್ ಯಾಕಾಗಿರಬಾರದು? ಸರ್ಕಾರ ಭೂಕಂಪ ಅಂದ್ರೆ ಯಾರ ಮೇಲೂ ಕೇಸಿಲ್ಲ.

ಕಲ್ಲುಬಂಡೆ · 28 ಜೂನ್ 2022

ಕೇಳಬೇಕಾದ ಪ್ರಶ್ನೆನೇ. ಕೋರೆ ಸಿಡಿಸಿದ್ರೆ ಅದು ಸುತ್ತಮುತ್ತ ಕೆಲವು ಕಿಲೋಮೀಟರ್‌ಗೆ ಗೊತ್ತಾಗತ್ತೆ, ಎರಡು ತಾಲ್ಲೂಕಿನ ಜನಕ್ಕೆ ಒಂದೇ ನಿಮಿಷದಲ್ಲಿ ಪಾತ್ರೆ ಅಲ್ಲಾಡಲ್ಲ. ಮತ್ತೆ ಮಾಪಕದ ಗೆರೆನೂ ಬೇರೆ. ಸಿಡಿಮದ್ದು ಎಲ್ಲಾ ದಿಕ್ಕಿಗೂ ಹೊರಕ್ಕೇ ತಳ್ಳತ್ತೆ, ಭೂಕಂಪ ಒಂದು ಕಡೆ ತಳ್ಳಿ ಇನ್ನೊಂದು ಕಡೆ ಎಳೆಯತ್ತೆ. ಡ್ಯಾಮ್ ವಿಷ್ಯದಲ್ಲಿ ನಿಮ್ ಅನುಮಾನ ಸುಳ್ಳಲ್ಲ, ಮಹಾರಾಷ್ಟ್ರದ ಕೊಯ್ನಾದಲ್ಲಿ 1962ರಿಂದ ನೀರು ತುಂಬೋಕೆ ಶುರು ಮಾಡಿದ್ರು, 1967 ಡಿಸೆಂಬರ್ 11ಕ್ಕೆ ಆರರ ಮೇಲಿನ ಭೂಕಂಪ ಆಯ್ತು, ಅಲ್ಲಿ ಈಗಲೂ ಸಣ್ಣಪುಟ್ಟದು ಆಗ್ತಾನೇ ಇರತ್ತೆ. ಆದ್ರೆ ಸಂಪಾಜೆ ಪಕ್ಕ ಅಂಥ ದೊಡ್ಡ ಜಲಾಶಯ ಎಲ್ಲಿದೆ ಹೇಳಿ.

ಕಾಫಿ ಹೂ · 29 ಜೂನ್ 2022

ಮಡಿಕೇರಿಯಿಂದ. ನೀವೆಲ್ಲ ಗೋಡೆ ಬಿರುಕಿನ ಬಗ್ಗೆ ಮಾತಾಡ್ತಿದ್ದೀರಿ, ನಮಗೆ ಭಯ ಅದಲ್ಲ. 2018 ಜುಲೈ 9ಕ್ಕೆ ಇಲ್ಲಿ ಹೀಗೇ ಒಂದು 3.4 ಆಯ್ತು, ನಗಾಡಿ ಸುಮ್ಮನಾದ್ವಿ. ಆಗಸ್ಟಲ್ಲಿ ಬೆಟ್ಟವೇ ಇಳಿದು ಬಂತು. ಜೋಡುಪಾಲ ಅಂದ್ರೆ ತೋಟದಮನೆಯವರಿಗೆ ಮೇಲೇ ಇರುವ ಊರು, ಅಲ್ಲಿಯವರು ಉಟ್ಟ ಬಟ್ಟೇಲಿ ಓಡಿದ್ದು ನೋಡಿದ್ದೇವೆ. ಭೂವಿಜ್ಞಾನ ಇಲಾಖೆಯವರು ಬಂದು ನೋಡಿ ಅದು ಭೂಕಂಪದಿಂದ ಅಲ್ಲ, ವಿಪರೀತ ಮಳೆ, ಮತ್ತೆ ರಸ್ತೆಗೂ ಮನೆಗೂ ಗುಡ್ಡ ಕಡಿದದ್ದು ಕಾರಣ ಅಂತ ಹೇಳಿದ್ರು. ಒಪ್ಪುತ್ತೇನೆ. ಆದ್ರೆ ಜೂನ್ ತಿಂಗಳಲ್ಲಿ ನೆಲ ಅಲ್ಲಾಡಿದ್ರೆ ನಾವು ಹೊರಗೆ ಬಂದು ಮೊದಲು ನೋಡುವುದು ಮನೆಯನ್ನಲ್ಲ, ಮನೆ ಹಿಂದಿನ ಬರೆಯನ್ನ, ಅಂದ್ರೆ ಕಡಿದ ಗುಡ್ಡದ ಬದಿಯನ್ನ. ನಮ್ಮ ಅತ್ತೆ ಪಾಸ್‌ಬುಕ್ಕು, ಆರ್‌ಟಿಸಿ ಎಲ್ಲ ಒಂದು ಕವರಿಗೆ ಹಾಕಿ ಬಾಗಿಲ ಹತ್ರ ನೇತುಹಾಕಿ ನಾಲ್ಕು ವರ್ಷ ಆಯ್ತು, ಇನ್ನೂ ತೆಗೆದಿಲ್ಲ.

ತೊಗರಿ ಕಣಜ · 29 ಜೂನ್ 2022

ನಾ ಆಳಂದ ಕಡಿಯಂವ. ಯಾರೂ ಮಹಾರಾಷ್ಟ್ರದ ಲಾತೂರ ಕಡಿ ಕಿಲ್ಲಾರಿ ಹೆಸರ ತಗೀಲಿಲ್ಲಲ್ರಿ, ಅದಕ್ಕ ಬರೀಲಿಕತ್ತೀನಿ.

1993 ಸೆಪ್ಟೆಂಬರ್ 30, ಬೆಳಗಿನ ಜಾವ ನಾಕಕ್ಕ ನಾಕ ನಿಮಿಷ ಕಮ್ಮಿ. ನಾ ಆಗ ಐದನೇತ್ತ. ಅಂಗಳದಾಗ ಅಜ್ಜನ ಬಾಜೂಕ ಹೊರಸಿನ ಮ್ಯಾಲ ಮಕ್ಕೊಂಡಿದ್ದೆ, ಹೊರಸು ತೊಟ್ಲ ತೂಗಿದಂಗ ಆತು. ಅಜ್ಜ ಅಲ್ಲಾಡಸಲಿಕತ್ಯಾನ ಅಂತ ನಾ ತಿಳಕೊಂಡೆ, ನಾ ಅಲ್ಲಾಡಸಲಿಕತ್ತೀನಿ ಅಂತ ಅಂವ ಬೈದ. ಒಳಗ ಅಡಕಲ ಗಡಿಗಿ ಉರುಳಿ ಬಿದ್ದ ಸಪ್ಪಳ ಕೇಳಿದ ಮ್ಯಾಲ ಇಬ್ಬರೂ ಎದ್ದು ಕುಂತ್ವಿ. ಊರ ನಾಯಿ ಎಲ್ಲಾ ಒಂದೇ ಸವನ ಬೊಗಳಲಿಕತ್ತಿದ್ದವು. ನಮ್ಮ ಊರಾಗ ಒಂದೆರಡು ಗ್ವಾಡಿ ಬಿದ್ವು ಅಷ್ಟ. ಮುಂಜಾನಿ ರೇಡಿಯೋದಾಗ ಕಿಲ್ಲಾರಿ ಅಂತ ಹೆಸರು ಬಂತು, ನಮ್ಮ ಓಣ್ಯಾಗ ಆ ಕಡಿ ಹೆಣ್ಣು ಕೊಟ್ಟ ಮನಿ ಇದ್ವು, ಅವರ ಮನ್ಯಾಗ ಅಳು ಶುರು ಆತು ನೋಡ್ರಿ, ನಂಗ ಭೂಕಂಪ ಅಂದ್ರ ಇವತ್ತಿಗೂ ಆ ಅಳುನ ಕೇಳಸ್ತದ.

ಹಿಂದಿನ ರಾತ್ರಿ ಅಲ್ಲಿ ಗಣಪತಿ ಕಳಸಿ ಮಂದಿ ದಣದು ಮಕ್ಕೊಂಡಿದ್ದರಂತ. 6.2 ಭೂಕಂಪ, ಹತ್ತಿರ ಹತ್ತಿರ ಹತ್ತು ಸಾವಿರ ಮಂದಿ ಹ್ವಾದ್ರು. ಅಲ್ಲಿ ಮನಿ ನಮ್ಮವು ಇದ್ದಂಗ, ಎರಡೆರಡು ಫೂಟ್ ದಪ್ಪ ಕಲ್ಲಿನ ಗ್ವಾಡಿ, ನಡುವ ಬರೇ ಮಣ್ಣು, ಮ್ಯಾಲ ಬ್ಯಾಸಿಗ್ಯಾಗ ತಣ್ಣಗಿರಲಿ ಅಂತ ಮಾಳಗಿ ಮ್ಯಾಲ ಹೇರಿದ ಮಣ್ಣು. ಆ ತಣ್ಣಗಿನ ಮಣ್ಣ ಎಲ್ಲಾರ ಮ್ಯಾಲ ಬಿತ್ತು. ಅದಕ್ಕ ಮುಂಚಿನ ವರ್ಷ 1992ರಾಗನ ಅಲ್ಲಿ ಸಣ್ಣ ಸಣ್ಣವು ಆಗಿದ್ವು. ಸರಕಾರದ ನಕಾಶದಾಗ ಆ ಜಾಗ ಒಂದನೇ ವಲಯ ಇತ್ರಿ, ಎಲ್ಲಾಕ್ಕಿಂತ ಸುರಕ್ಷಿತ ಅನ್ನೋದು. 2002ರಾಗ ಆ ಒಂದನೇ ವಲಯನ ತಗದ ಹಾಕಿದ್ರು.

ಈಗ ನಮ್ಮ ಕಲಬುರಗಿ ಜಿಲ್ಲಾದ ಗಡಿಕೇಶ್ವಾರ. ಹ್ವಾದ ವರ್ಷ ಅಕ್ಟೋಬರ್ 11ರ ರಾತ್ರಿ ಹತ್ತರ ಸುಮಾರಿಗೆ 4.1 ಆತು. ನಮ್ಮ ಚಿಂಚೋಳಿ ಬೀಗರು ಅಲ್ಲೇ ಬಾಜೂ ಊರಾಗ ಅದಾರ. ಅವರು ಹೇಳೂದು, ನೆಲದಾಗ ಸಪ್ಪಳ ಬರೂದು ಇವತ್ತಿಂದಲ್ಲ, ವರ್ಷಾನುಗಟ್ಲೆ ಆಗಲಿಕತ್ಯದ, ಮಳಿ ಮುಗದ ಮ್ಯಾಲ ಜಾಸ್ತಿ. ಸುಣ್ಣದ ಕಲ್ಲಿನ ಸಂದ್ಯಾಗ ನೀರ ಇಳದು ಒತ್ತಡ ಆಗಿ ಹಂಗಾಗ್ತದ ಅಂತ ತಜ್ಞರು ಹೇಳ್ಯಾರ. ಆದರ ಮೊದಲ ಫೋನ್ ಮಾಡಿ ಹೇಳಿದಾಗ ಒಂದು ಆಫೀಸಿನ್ಯಾಗ ಏನಂದ್ರಂತ ಗೊತ್ತದೇನ್ರಿ, "ಗಾಡಿ ಹೋಗಿರಬೇಕು ನೋಡ್ರಿ". ಅಕ್ಟೋಬರ್ ತುಂಬ ಮಂದಿ ಹೊರಗ, ಶೆಡ್ಡಿನ್ಯಾಗ, ಟ್ರ್ಯಾಕ್ಟರ್ ಟ್ರಾಲಿ ಒಳಗ ಮಕ್ಕೊಂಡ್ರು, ಎಷ್ಟೋ ಮನಿ ಕೀಲಿ ಹಾಕಿ ಊರು ಬಿಟ್ರು. ಮುದುಕರು ಯಾಕ ಅಷ್ಟು ಅಂಜಿದ್ರು ಅಂದ್ರ ಅವರ ತಲ್ಯಾಗ ಕಿಲ್ಲಾರಿ ಇತ್ತು.

ಸೈಟ್ ಮೇಷ್ಟ್ರು · 30 ಜೂನ್ 2022

ಸಿವಿಲ್ ಕೆಲಸದವನು. ತೊಗರಿ ಕಣಜದವರು ಬರೆದಿದ್ದು ಎರಡು ಸಲ ಓದಿದೆ. ಹೆದರಿದವರಿಗೆ ಒಂದು ಲೆಕ್ಕ ಹೇಳ್ತೀನಿ, ಮಾಪಕದಲ್ಲಿ ಒಂದು ಅಂಕಿ ಏರಿದ್ರೆ ಶಕ್ತಿ ಸುಮಾರು 32 ಪಟ್ಟು. ಹಾಗಾಗಿ ಸಂಪಾಜೆಯ 3.0ಕ್ಕೂ ಕಿಲ್ಲಾರಿಯ 6.2ಕ್ಕೂ ಅರವತ್ತು ಸಾವಿರ ಪಟ್ಟಿನ ಅಂತರ. ಎರಡಕ್ಕೂ ಭೂಕಂಪ ಅನ್ನೋ ಒಂದೇ ಹೆಸರಿರೋದೇ ತಪ್ಪು ಅನ್ಸುತ್ತೆ.

ಹಂಚಿನ ಮನೆಯವರು ಗಮನಿಸಿ, ಗಾಬರಿಯಲ್ಲಿ ಬಾಗಿಲಿಂದ ಹೊರಗೆ ಓಡಿದ್ರೆ ಸೂರಿನ ಕೆಳಗೇ ಹಾದು ಹೋಗ್ತೀರ, ಹಂಚು ಉದುರೋದು ಅಲ್ಲೇ. ಗಟ್ಟಿ ಮೇಜಿದ್ರೆ ಅದರ ಕೆಳಗೆ ಹೋಗಿ ಮೇಜಿನ ಕಾಲು ಹಿಡ್ಕೊಳ್ಳಿ, ಇಲ್ಲಾಂದ್ರೆ ತಲೆ ಮೇಲೆ ಕೈ ಇಟ್ಕೊಂಡು ಒಳಗೋಡೆ ಪಕ್ಕ ಕೂತ್ಕೊಳ್ಳಿ, ಅದುರೋದು ನಿಂತ ಮೇಲೆ ಹೊರಗೆ ಬನ್ನಿ. ಬಿರುಕಿಗೆ ಇವತ್ತೇ ಸಿಮೆಂಟ್ ಮೆತ್ತಬೇಡಿ. ಎರಡೂ ತುದೀಲಿ ಪೆನ್ಸಿಲ್‌ನಲ್ಲಿ ಅಡ್ಡ ಗೆರೆ ಎಳೆದು ತಾರೀಕು ಬರೀರಿ. ಗೆರೆ ದಾಟಿ ಬೆಳೆದ್ರೆ ಆಗ ಯೋಚನೆ ಮಾಡೋಣ. ಹೊಸ ಮನೆ ಕಟ್ಟೋರು ಕಿಟಕಿ ಬಾಗಿಲ ಮೇಲೆ ಸುತ್ತಾ ಒಂದೇ ಸಮ ಲಿಂಟಲ್ ಬೆಲ್ಟ್ (ಕಾಂಕ್ರೀಟ್ ಪಟ್ಟಿ) ಹಾಕ್ಸಿ, ಮೇಸ್ತ್ರಿ ಬೇಡ ಅಂದ್ರೂ ಹಾಕ್ಸಿ. ಕಲ್ಲಿನ ಗೋಡೆ ಆದ್ರೆ ಎರಡೂ ಮುಖ ಹಿಡಿಯೋ ಉದ್ದ ಕಲ್ಲು ನಡುನಡುವೆ ಬರಬೇಕು. ಕಿಲ್ಲಾರಿಯಲ್ಲಿ ಅದಿಲ್ಲದೇ ಗೋಡೆ ಪುಸ್ತಕ ತೆರೆದ ಹಾಗೆ ಎರಡು ಪದರ ಬಿಚ್ಕೊಂಡಿದ್ದು.

ತೊಗರಿ ಕಣಜ · 30 ಜೂನ್ 2022

ಮೇಷ್ಟ್ರೇ ಮೇಜಿನ ಕೆಳಗ ಅಂತೀರಿ, ಮ್ಯಾಲ ಒಂದೂವರಿ ಫೂಟ್ ಮಣ್ಣು ಇರೂ ಮನ್ಯಾಗ ಯಾವ ಮೇಜು ತಡೀತದ್ರಿ? ನಮ್ಮ ಕಡಿ ಮೇಜರ ಎಷ್ಟ ಮನ್ಯಾಗ ಅದ? ನಾವು ಹೊರಗ ಓಡೂದ ಖರೆ.

ಸೈಟ್ ಮೇಷ್ಟ್ರು · 30 ಜೂನ್ 2022

ಅಂಥ ಮನೇಲಿ ಬಾಗಿಲ ಹತ್ರ ಇದ್ರೆ ಹೊರಗೆ ಓಡೋದೇ ಸರಿ, ನಿಮ್ ಮಾತು ಒಪ್ಪಿದೆ. ನಾನು ಹಂಚು, ಆರ್‌ಸಿಸಿ ಮನೆ ತಲೇಲಿಟ್ಕೊಂಡು ಬರೆದೆ.

ತೋಟದಮನೆ · 1 ಜುಲೈ 2022

ನಿನ್ನೆ ರಾತ್ರಿ ಒಂದೂಕಾಲಕ್ಕೆ ಮತ್ತೆ! 1.8 ಅಂತೆ, ಸಂಖ್ಯೆ ನೋಡಿದ್ರೆ ನಗು ಬರ್ತದೆ, ಆದ್ರೆ ರಾತ್ರಿ ಕತ್ತಲಲ್ಲಿ ಕರೆಂಟ್ ಇಲ್ಲದೆ ಮಳೆಯಲ್ಲಿ ಆ ಸದ್ದು ಕೇಳಿದವರಿಗೆ ಗೊತ್ತು. ಹೊರಗೆ ಓಡಿದ್ರೆ ಮಳೆ ಮತ್ತೆ ಉಂಬುಳ, ಒಳಗಿದ್ರೆ ಹಂಚು. ಕೊಡೆ ಬಿಡಿಸಿಕೊಂಡು ಅಂಗಳದಲ್ಲಿ ನಿಂತ ನಾಲ್ಕು ಜನರಲ್ಲಿ ಎಂತ ಮಾಡಬೇಕು ಅಂತ ಒಬ್ಬರಿಗೂ ಗೊತ್ತಿಲ್ಲ. ಆಚೆ ಮನೆಯ ಅಜ್ಜಿ ಮಾತ್ರ ಬರ್ಲಿಲ್ಲ, "ಈ ಮಳೆಗೆ ನಿಂತು ಜ್ವರ ಬಂದು ಸಾಯ್ಲಿಕ್ಕಾ" ಅಂತ ಒಳಗಿಂದಲೇ ಕೇಳಿದ್ರು.

ಈಗ ವಾಟ್ಸಾಪಲ್ಲಿ ಒಂದು ವಾಯ್ಸ್ ಓಡ್ತಾ ಉಂಟು, ನಾಳೆ ರಾತ್ರಿ ಮೂರಕ್ಕೆ ದೊಡ್ಡದು ಆಗ್ತದೆ, ನಾಸಾದವರು ಹೇಳಿದ್ದಾರೆ ಅಂತ. ಅಮ್ಮ ಅರ್ಧ ನಂಬಿದ್ದಾರೆ. ಇದಕ್ಕೆ ಎಂತ ಹೇಳೋದು?

ಕಲ್ಲುಬಂಡೆ · 1 ಜುಲೈ 2022

ತಾರೀಕು, ಗಂಟೆ ಹೇಳಿ ಭೂಕಂಪ ಮುನ್ಸೂಚನೆ ಕೊಡೋಕೆ ಭೂಮಿ ಮೇಲೆ ಯಾರಿಗೂ ಬರಲ್ಲ, ಜಪಾನಿನವರಿಗೂ ಬರಲ್ಲ. ಅವರ ಹತ್ರ ಇರೋದು ಪಿ ಅಲೆ ಹಿಡಿದು ಎಸ್ ಅಲೆ ಬರೋಕೆ ಮುಂಚೆ ಕೆಲವು ಸೆಕೆಂಡ್ ಎಚ್ಚರಿಸೋದು. ಅಮ್ಮನಿಗೆ ಇಷ್ಟೇ ಹೇಳಿ, ನಾಸಾದವ್ರು ಕನ್ನಡದಲ್ಲಿ ವಾಯ್ಸ್ ಮೆಸೇಜ್ ಕಳಿಸಲ್ಲ. ಹೀಗೆ ಸಾಲಾಗಿ ಸಣ್ಣವು ಆಗೋದು ಹೆಚ್ಚಿನ ಸಲ ತಾನಾಗೇ ನಿಂತು ಹೋಗತ್ತೆ, ಕಳೆದ ಡಿಸೆಂಬರ್ 22ಕ್ಕೆ ಚಿಕ್ಕಬಳ್ಳಾಪುರದಲ್ಲಿ ಐದು ನಿಮಿಷದಲ್ಲಿ ಎರಡಾಯ್ತು, ದೊಡ್ಡದೇನೂ ಬರಲಿಲ್ಲ. ಯಾವಾಗ್ಲೂ ನಿಲ್ಲತ್ತೆ ಅಂತ ಬರೆದು ಕೊಡಲ್ಲ, ಮೇಲೆ ಕಿಲ್ಲಾರಿಯ 1992ರ ವಿಷ್ಯ ಓದಿದ್ದೀರಲ್ಲ.

ಗುಮ್ಮಟದ ಊರಾಂವ · 9 ಜುಲೈ 2022

ನಮ್ಮ ಬಿಜಾಪುರದಾಗೂ ಆತ್ರೀ ಇವತ್ತ! ಮುಂಜಾನೆ ಆರೂ ಇಪ್ಪತ್ತೆರಡಕ್ಕ, 4.4 ಅಂತ. ಸಾಂಗ್ಲಿ, ಸೊಲ್ಲಾಪುರ ಕಡೀನೂ ಗೊತ್ತಾಗೇತಂತ. ಚಾ ಕುಡೀಲಿಕತ್ತಿದ್ದೆ, ಬಸಿ ಒಳಗಿನ ಚಾ ತಾನ ಅಲ್ಲಾಡಿತು, ನಂಗ ಬಿಪಿ ಆಗೇತಿ ಅನಕೊಂಡು ಕಪ್ ಕೆಳಗ ಇಟ್ಟೆ. ನಮ್ಮಾಕಿ ಒಳಗಿಂದ ಓಡಿ ಬಂದು ಸಿಲಿಂಡರ್ ಬಂದ್ ಮಾಡ್ರಿ ಅಂದ್ಲು. ಓಣಿ ತುಂಬ ಮಂದಿ, ಎಲ್ಲಾರೂ ಗೋಳಗುಮ್ಮಟದ ಕಡೀ ಮಾರಿ ಮಾಡಿ ನಿಂತಿದ್ರು ನೋಡ್ರಿ, ಮನಿ ಮಂದೀನ ಎಣಸೂದು ಆಮ್ಯಾಲ. ಹೆಚ್ಚು ಕಡಿಮಿ ಮುನ್ನೂರ ಅರವತ್ತ ವರ್ಷದಿಂದ ನಿಂತೇತಿ, ಇವತ್ತೂ ನಿಂತಿತ್ತು.

ಎಡಿಸನ್ ರಾಯರು · 6 ಏಪ್ರಿಲ್ 2024

ಹಳೇ ಥ್ರೆಡ್ ಎಬ್ಬಿಸ್ತಿದ್ದೀನಿ, ಕ್ಷಮಿಸಿ, ಆದ್ರೆ ನಿನ್ನೆಯಿಂದ ಯಾರಿಗಾದ್ರೂ ಹೇಳ್ಲೇಬೇಕು ಅನ್ನಿಸ್ತಿದೆ. ನ್ಯೂಜೆರ್ಸಿಯಲ್ಲಿ ಹದಿನೈದು ವರ್ಷ ಆಯ್ತು, ಹಿಮ, ಚಂಡಮಾರುತ ಎಲ್ಲ ನೋಡಾಗಿದೆ, ಇದೊಂದು ಲಿಸ್ಟಲ್ಲೇ ಇರಲಿಲ್ಲ. ಶುಕ್ರವಾರ ಬೆಳಿಗ್ಗೆ 10:23, ಮನೆಯಿಂದಲೇ ಕೆಲಸ, ಒಂದು ಕಣ್ಣು ಆಫೀಸ್ ಕಾಲ್ ಮೇಲೆ, ಇನ್ನೊಂದು ಕನ್ನಡ ಕೂಟದ ಯುಗಾದಿ ಊಟದ ಲಿಸ್ಟ್ ಮೇಲೆ. ಬೇಸ್‌ಮೆಂಟಿಂದ ಗರ್ರ್ ಅಂತ ಸದ್ದು, ಹೀಟರ್ ಬರ್ಸ್ಟ್ ಆಯ್ತು ಅಂದ್ಕೊಂಡೆ. ಮರದ ಮನೆ ನೋಡಿ, ಇಡೀ ಮನೆ ಕಿರ್ರ್ ಅಂತು. ಕಾಲಲ್ಲಿ ನ್ಯೂಯಾರ್ಕಿನವನು "ನಿಮ್ಗೂ ಆಯ್ತಾ" ಅಂದ, ಒಂದು ನಿಮಿಷ ಆದ್ಮೇಲೆ ಬಾಸ್ಟನ್ನಿನವಳೂ ಅಂದ್ಲು. ಮೇಲೆ ಯಾರೋ ಬರೆದಿದ್ದಾರಲ್ಲ ಹಳೇ ಗಟ್ಟಿ ಬಂಡೆ ಅಂತ, ಇಲ್ಲೂ ಅದೇ ಕಥೆಯಂತೆ. 4.8 ಅಷ್ಟೇ, ಅಷ್ಟು ದೂರ ಹೋಗಿದೆ.

ತಮಾಷೆ ಏನಂದ್ರೆ ಫೋನಿಗೆ ಸರ್ಕಾರಿ ಅಲರ್ಟ್ ಬಂದಿದ್ದು ಮುಕ್ಕಾಲು ಗಂಟೆ ಹತ್ರ ಆದ್ಮೇಲೆ, ಕಿರುಚಿಕೊಂಡು. ಭೂಕಂಪಕ್ಕೆ ಹೆದರದ ನಮ್ಮತ್ತೆ ಆ ಅಲರ್ಟ್ ಸದ್ದಿಗೆ ಹೆದರಿ ತಟ್ಟೆ ಬೀಳಿಸಿದ್ರು. ಸಂಜೆ ಆರರ ಹೊತ್ತಿಗೆ ಇನ್ನೊಂದು ಸಣ್ಣದಾಯ್ತು, ಅಷ್ಟರಲ್ಲಿ ನಾವೆಲ್ಲ ಪಂಡಿತರಾಗಿದ್ವಿ, "ಇದು ಆಫ್ಟರ್‌ಶಾಕ್" ಅಂತ ಕೂತಲ್ಲೇ ಹೇಳಿದ್ವಿ.

ತೋಟದಮನೆಯವ್ರೇ ಇದ್ದೀರಾ? ಬಿರುಕು ಏನಾಯ್ತು?

ತೋಟದಮನೆ · 7 ಏಪ್ರಿಲ್ 2024

ಇದ್ದೇನೆ ರಾಯರೆ. ಆ ಜುಲೈ ನಂತರ ನಮಗೆ ಗೊತ್ತಾಗುವ ಹಾಗೆ ಎಂತದೂ ಆಗ್ಲಿಲ್ಲ. ಭೂಕಂಪ ಅಂತ ಎಲ್ಲ ಕಾಯ್ತಾ ಕೂತಿದ್ದಾಗ ಆಗಸ್ಟ್ ಮೊದಲ ವಾರವೇ ಹೊಳೆ ಬಂತು, ಕಲ್ಲುಗುಂಡಿ ಪೇಟೆಯ ಅಂಗಡಿಗಳಿಗೆಲ್ಲ ನೀರು ಮರದ ದಿಮ್ಮಿ ನುಗ್ಗಿ ಹಾಳಾಯ್ತು, ಆಮೇಲೆ ಭೂಕಂಪದ ಮಾತು ತೆಗೆಯುವವರೇ ಇಲ್ಲ. ಕಾಫಿ ಹೂ ಅಕ್ಕ ಹೇಳಿದ್ದು ನೆನಪಾಯ್ತು, ಈಗ ನಮ್ಮ ಬಾಗಿಲ ಹತ್ರವೂ ಒಂದು ಕವರ್ ನೇತಾಡ್ತಾ ಉಂಟು.

ಬಿರುಕಿಗೆ ಮೇಷ್ಟ್ರು ಹೇಳಿದ ಹಾಗೆ ಅಪ್ಪ ಪೆನ್ಸಿಲ್ ಗೆರೆ ಎಳೆದ್ರು. ಮೊದಲು "28-6 ಬೆ. 7.45" ಅಂತ, ಕೆಳಗೆ "1-7 ರಾತ್ರಿ", ಅದರ ಕೆಳಗೆ ಇನ್ನೆರಡು. ಗೆರೆ ದಾಟಿ ಒಂದು ನೂಲು ಕೂಡ ಹೋಗ್ಲಿಲ್ಲ, ಹಾಗಾದ್ರೆ ಮೊದಲೇ ಇದ್ದದ್ದು ಅಂತ ಅಪ್ಪ ಗೆದ್ರು, ಅಮ್ಮ ಇನ್ನೂ ಒಪ್ಪಲಿಲ್ಲ. ಆ ಪೆನ್ಸಿಲ್ ಅಲ್ಲೇ ಕಿಟಕಿಯಲ್ಲಿ ಉಳಿದ ಕಾರಣ ಈಗ ತಾರೀಕುಗಳ ಕೆಳಗೆ ಗೊಬ್ಬರದ ಮೂಟೆ ಲೆಕ್ಕ, ಕೆಲಸದವರ ರಜೆ, ದನ ಗಬ್ಬ ಆದ ದಿನ ಎಲ್ಲ ಸೇರಿದೆ. ದೀಪಾವಳಿಗೆ ಸುಣ್ಣ ಬಳಿಯುವಾಗ ಅಷ್ಟು ಜಾಗ ಬಿಟ್ಟು ಬಳಿದದ್ದು.